ಮರ ಕಡಿಯೋದು ಅರ್ಧ ಕೆಲಸ, ಕಡಿದದ್ದನ್ನ ಏನ್ ಮಾಡ್ತೀರಿ ಅನ್ನೋದೇ ಉಳಿದರ್ಧ

2021ರ ಜುಲೈ 13ಕ್ಕೆ ಉತ್ತರ ಕ್ಯಾಲಿಫೋರ್ನಿಯಾದ ಫೆದರ್ ನದಿ ಕಣಿವೆಯಲ್ಲಿ ಒಂದು ಡಗ್ಲಸ್ ಫರ್ ಮರ ಕರೆಂಟ್ ತಂತಿಗೆ ತಾಗಿತು. ಒಂದೇ ಒಂದು ಮರ. ಅದರಿಂದ ಹತ್ತಿದ ಬೆಂಕಿಗೆ ಡಿಕ್ಸಿ ಫೈರ್ ಅಂತ ಹೆಸರು ಬಿತ್ತು, ಅದು ಪೂರ್ತಿ ಹತೋಟಿಗೆ ಬರೋ ಹೊತ್ತಿಗೆ ಅಕ್ಟೋಬರ್ ಕೊನೆ, ಸುಟ್ಟಿದ್ದು ಹೆಚ್ಚುಕಮ್ಮಿ 9 ಲಕ್ಷ 63 ಸಾವಿರ ಎಕರೆ, ಮಧ್ಯದಲ್ಲಿ ಗ್ರೀನ್‌ವಿಲ್ ಅನ್ನೋ ಹಳೇ ಊರಿನ ಬಹುಪಾಲು ಬೂದಿ. ಇಂಥದ್ದು ಆದಾಗೆಲ್ಲ ಜನ ಕೇಳೋದು ಎರಡು ಪ್ರಶ್ನೆ. ಆ ಮರಾನ ಮೊದಲೇ ಯಾಕೆ ಕಡೀಲಿಲ್ಲ? ಕಾಡನ್ನ ಮೊದಲೇ ಯಾಕೆ ಕ್ಲೀನ್ ಮಾಡ್ಲಿಲ್ಲ? ಎರಡೂ ಒಂದೇ ಥರ ಕೇಳಿಸುತ್ತೆ, ನ್ಯೂಸ್‌ನಲ್ಲೂ ಒಟ್ಟಿಗೇ ಬರುತ್ತೆ, ರಾಜಕಾರಣಿಗಳು ಎರಡನ್ನೂ ಒಂದೇ ಗಂಟು ಕಟ್ಟಿ ಮಾತಾಡ್ತಾರೆ, ಆದ್ರೆ ಕಾಡಲ್ಲಿ ನಿಂತು ಕೆಲಸ ಮಾಡೋರಿಗೆ ಇವೆರಡೂ ಬೇರೆ ಬೇರೆ ಲೆಕ್ಕ. ಮೊದಲನೇದು ಅಪಾಯದ ಮರ ತೆಗೆಯೋದು, ಎರಡನೇದು ಉರುವಲು ಕಮ್ಮಿ ಮಾಡೋದು. ಇವೆರಡೂ ಒಂದಕ್ಕೊಂದು ಸಿಕ್ಕಿಹಾಕ್ಕೊಳ್ಳೋ ಜಾಗ ಒಂದಿದೆ, ಎಲ್ಲ ಎಡವಟ್ಟೂ ಅಲ್ಲೇ ಆಗೋದು, ಅದಕ್ಕೆ ನಿಧಾನಕ್ಕೆ ಬರೋಣ.

ಅಮೆರಿಕದ ಬಗ್ಗೆನೇ ಬರೀತಿರೋದಕ್ಕೆ ಕಾರಣ ಇದೆ. ಅಲ್ಲಿ ಫಾರೆಸ್ಟ್ ಸರ್ವಿಸ್ ಅನ್ನೋ ಒಂದೇ ಇಲಾಖೆ ಕೈಲಿ ಸುಮಾರು 19 ಕೋಟಿ 30 ಲಕ್ಷ ಎಕರೆ ಸರ್ಕಾರಿ ಕಾಡು ಇದೆ, ಅಲ್ಲಿ ಮರಕ್ಕೆ ಗರಗಸ ಇಡೋಕೆ ಮುಂಚೆ ಕಾಗದ ಬೇಕು, ಆ ಕಾಗದದ ಮೇಲೆ ತೊಂದರೆ ಆಗೋರು ಕೋರ್ಟಿಗೆ ಹೋಗಬಹುದು, ಹಾಗಾಗಿ ಈ ಜಗಳದ ಪ್ರತಿಯೊಂದು ಎಳೆಯೂ ಬಹಿರಂಗವಾಗಿ ದಾಖಲಾಗಿದೆ.

ಮೊದಲು ಅಪಾಯದ ಮರ. ಕೊಳೆತ ಮರ ಅಂದ್ರೆ ಅಪಾಯದ ಮರ ಅಂತ ತುಂಬ ಜನ ಅಂದ್ಕೊಂಡಿದ್ದಾರೆ, ಹಾಗಲ್ಲ. ಜನ ಕಾಲಿಡದ ಕಾಡಿನೊಳಗೆ ಪೂರ್ತಿ ಟೊಳ್ಳಾಗಿ ನಿಂತಿರೋ ಮರ ಇವತ್ತೋ ನಾಳೆಯೋ ಬೀಳುತ್ತೆ, ಬಿದ್ರೆ ಯಾರಿಗೇನು? ಅದು ಅಪಾಯದ ಮರ ಅಲ್ಲ. ಅದೇ ಮರ ಟೆಂಟ್ ಹಾಕೋ ಜಾಗದ ಪಕ್ಕ, ರಸ್ತೆ ಅಂಚಲ್ಲಿ, ತಂತಿ ಕೆಳಗೆ ಅಥವಾ ಶೌಚಾಲಯದ ಹಿಂದೆ ಇದ್ರೆ ಆಗ ಅಪಾಯ. ಅಂದ್ರೆ ಮರದಲ್ಲಿ ದೋಷ ಇರಬೇಕು, ಜೊತೆಗೆ ಬಿದ್ರೆ ತಗಲೋ ಜಾಗದಲ್ಲಿ ಮನುಷ್ಯನೋ ಆಸ್ತಿನೋ ಇರಬೇಕು. ಎರಡೂ ಸೇರಿದ್ರೆ ಮಾತ್ರ ಲೆಕ್ಕಕ್ಕೆ ಬರುತ್ತೆ. ಸಾಮಾನ್ಯವಾಗಿ ಮರದ ಎತ್ತರದ ಒಂದೂವರೆ ಪಟ್ಟು ದೂರದವರೆಗೆ ನೋಡ್ತಾರೆ, ಯಾಕಂದ್ರೆ ಬೀಳೋ ಮರ ಪಕ್ಕದ ಮರಾನ ಕೆಡವಬಹುದು, ತುದಿ ಮುರಿದು ದೂರಕ್ಕೆ ಚಿಮ್ಮಬಹುದು, ಇಳಿಜಾರಾದ್ರೆ ದಿಮ್ಮಿ ಉರುಳಿಕೊಂಡೂ ಹೋಗಬಹುದು.

ಪರೀಕ್ಷೆ ಮಾಡೋ ವಿಧಾನ ನನಗೆ ತುಂಬ ಇಷ್ಟ, ಯಾಕಂದ್ರೆ ಇಷ್ಟು ದೊಡ್ಡ ವಿಷಯದಲ್ಲಿ ಕೈಗೆ ಸಿಗೋ ಕೆಲಸ ಅಂದ್ರೆ ಇದೊಂದೇ. ಮರ ನೋಡೋರು ಮೊದಲು ದೂರದಲ್ಲಿ ನಿಂತು ಸುತ್ತ ಒಂದು ಸುತ್ತು ಹಾಕ್ತಾರೆ. ತುದಿ ಒಣಗಿದ್ಯಾ, ಮರ ವಾಲಿದ್ಯಾ, ವಾಲಿದ್ರೆ ಮೊದಲಿಂದ ಹಾಗೇ ಬೆಳೆದದ್ದಾ ಇಲ್ಲ ಇತ್ತೀಚೆಗೆ ವಾಲಿದ್ದಾ. ಮೊದಲಿಂದ ವಾಲಿದ ಮರದ ತುದಿ ಮತ್ತೆ ಆಕಾಶದ ಕಡೆಗೆ ತಿರುಗಿರುತ್ತೆ, ಅದಕ್ಕೆ ಹೆದರೋದು ಬೇಡ. ಇತ್ತೀಚೆಗೆ ವಾಲಿದ್ದಾದ್ರೆ ಇಡೀ ಕಾಂಡ ನೇರವಾಗೇ ಓರೆಯಾಗಿರುತ್ತೆ, ಬುಡದಲ್ಲಿ ವಾಲಿದ್ದರ ವಿರುದ್ಧ ದಿಕ್ಕಿಗೆ ಮಣ್ಣು ಉಬ್ಬಿರುತ್ತೆ ಅಥವಾ ಬಿರುಕು ಬಿಟ್ಟಿರುತ್ತೆ, ಅದನ್ನ ಕಂಡ್ರೆ ತಕ್ಷಣ ಜಾಗ ಖಾಲಿ ಮಾಡಿಸ್ತಾರೆ. ಆಮೇಲೆ ಕಾಂಡದ ಮೇಲೆ ಅರ್ಧಚಂದ್ರಾಕಾರದ ಗಟ್ಟಿ ಅಣಬೆ ಬಂದಿದ್ಯಾ ನೋಡ್ತಾರೆ, ಹೊರಗೆ ಅಂಗೈಯಗಲದ ಅಣಬೆ ಕಾಣ್ತಿದೆ ಅಂದ್ರೆ ಒಳಗೆ ಎಷ್ಟೋ ಅಡಿ ಉದ್ದಕ್ಕೆ ಕೊಳೆ ಹಬ್ಬಿರೋ ಸಾಧ್ಯತೆ ಇರುತ್ತೆ. ಮರದ ಸುತ್ತಿಗೆ ಅಥವಾ ಕೊಡಲಿಯ ಹಿಂಭಾಗದಿಂದ ಬುಡದ ಸುತ್ತ ತಟ್ಟುತ್ತಾ ಬರ್ತಾರೆ, ಗಟ್ಟಿ ಮರ ಒಂದು ಥರ ಸದ್ದು ಕೊಡುತ್ತೆ, ಟೊಳ್ಳು ಇನ್ನೊಂದು ಥರ. ಅನುಮಾನ ಬಂದ್ರೆ ಸಣ್ಣ ಡ್ರಿಲ್ ಹಾಕಿ ಒಳಗೆ ಎಷ್ಟು ಇಂಚು ಗಟ್ಟಿ ಮರ ಉಳಿದಿದೆ ಅಂತ ಅಳೀತಾರೆ. ಇಲ್ಲೊಂದು ಆಶ್ಚರ್ಯದ ವಿಷಯ ಇದೆ, ಒಳಗೆ ಪೂರ್ತಿ ಟೊಳ್ಳಾಗಿದ್ರೂ ಸುತ್ತಲಿನ ಗಟ್ಟಿ ಗೋಡೆ ಕಾಂಡದ ತ್ರಿಜ್ಯದ ಸುಮಾರು ಮೂರನೇ ಒಂದು ಭಾಗದಷ್ಟು ದಪ್ಪ ಇದ್ರೆ ಮರ ಸಾಮಾನ್ಯವಾಗಿ ನಿಲ್ಲುತ್ತೆ ಅನ್ನೋದು ಈ ಕೆಲಸದವರ ಅಂದಾಜು. ಅದಕ್ಕಿಂತ ತೆಳುವಾದ್ರೆ, ಅಥವಾ ಗೋಡೆಯಲ್ಲಿ ದೊಡ್ಡ ಬಾಯಿ ತೆರೆದಿದ್ರೆ ಕಥೆ ಬೇರೆ.

ಇದಕ್ಕೆಲ್ಲ ಸಿಗದ ಮರಾನೂ ಇದೆ. ಬೇರು ಕೊಳೆಯೋ ರೋಗ ಹತ್ತಿದ ಮರ ಮೇಲೆ ಹಚ್ಚಹಸಿರಾಗೇ ಇರುತ್ತೆ, ಗಾಳಿ ಇಲ್ಲದ ದಿನವೂ ಬುಡಸಮೇತ ಮಲಗಿಬಿಡುತ್ತೆ. ಹೆಟೆರೋಬೇಸಿಡಿಯನ್ ಅನ್ನೋ ಶಿಲೀಂಧ್ರ ಇದರಲ್ಲಿ ಕುಖ್ಯಾತ. ಇದರ ಬೀಜಕಣ ಆಗ ತಾನೇ ಕಡಿದ ಮೋಟಿನ ಮೇಲೆ ಬಂದು ಕೂತು, ಅಲ್ಲಿಂದ ಬೇರಿಗಿಳಿದು, ಬೇರಿಂದ ಬೇರಿಗೆ ತಾಗಿ ಪಕ್ಕದ ಮರಕ್ಕೆ ಹೋಗುತ್ತೆ. ಅಂದ್ರೆ ಅಪಾಯ ಅಂತ ಒಂದು ಮರ ಕಡಿದ್ರೆ ಆ ಮೋಟಿನಿಂದಲೇ ಮುಂದಿನ ಹತ್ತಿಪ್ಪತ್ತು ವರ್ಷಕ್ಕೆ ಸುತ್ತಮುತ್ತ ಇನ್ನಷ್ಟು ಅಪಾಯದ ಮರ ಹುಟ್ಟಿಕೊಳ್ಳಬಹುದು! ಅದಕ್ಕೇ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಪೈನ್, ಫರ್ ಮರ ಕಡಿದ ತಕ್ಷಣ ಮೋಟಿನ ಮುಖಕ್ಕೆ ಬೋರಾಕ್ಸ್ ಥರದ ಪುಡಿ ಹಾಕ್ತಾರೆ.

ಕಡಿಯೋದೊಂದೇ ದಾರಿನೂ ಅಲ್ಲ. ಮರ ಸರಿಸೋಕಾಗಲ್ಲ, ಆದ್ರೆ ಮೇಜು ಬೆಂಚು ಸರಿಸಬಹುದು, ಟೆಂಟ್ ಜಾಗ ಒಂದನ್ನ ಮುಚ್ಚಬಹುದು, ಕಾಲುದಾರಿನ ಇಪ್ಪತ್ತು ಮೂವತ್ತು ಅಡಿ ಆಚೆ ತಿರುಗಿಸಬಹುದು. ಒಣಗಿದ ತುದಿ ಮಾತ್ರ ತೆಗೆದು ಹದಿನೈದಿಪ್ಪತ್ತು ಅಡಿ ಕೊರಡನ್ನ ಹಾಗೇ ಬಿಡಬಹುದು. ಹೀಗೆ ಬಿಡೋದಕ್ಕೆ ಕಾರಣ ಇದೆ, ಒಣಮರ ಅಂದ್ರೆ ಕಾಡಿನ ಜೀವಿಗಳಿಗೆ ಮನೆ, ಮರಕುಟಿಕ ಪೊಟರೆ ಕೊರೆಯುತ್ತೆ, ಅದು ಬಿಟ್ಟ ಪೊಟರೆಗೆ ಸಣ್ಣ ಗೂಬೆ, ಅಳಿಲು, ಬಾವಲಿ ಬಂದು ಸೇರ್ಕೊಳ್ತವೆ. ಕಪ್ಪು ಬೆನ್ನಿನ ಮರಕುಟಿಕ ಅಂತೂ ಆಗ ತಾನೇ ಸುಟ್ಟ ಕಾಡನ್ನೇ ಹುಡುಕಿಕೊಂಡು ಹೋಗುತ್ತೆ, ಸುಟ್ಟ ಮರಕ್ಕೆ ಬರೋ ಕೊರಕ ಹುಳದ ಮರಿನೇ ಅದರ ಊಟ. ಒಣಗಿದ್ದೆಲ್ಲ ಕಸ, ಬಳಿದು ಹಾಕಿ ಅನ್ನೋರಿಗೆ ಇದು ಗೊತ್ತಿರಲ್ಲ.

ಒಂದೊಂದೇ ಮರಕ್ಕೆ ಸುತ್ತಿಗೆ ಬಡಿದು ನೋಡೋ ಈ ಪದ್ಧತಿ ಕೈಕೊಡೋದು ಮರಗಳು ಕೋಟಿಗಟ್ಟಲೆ ಸತ್ತಾಗ. ಕ್ಯಾಲಿಫೋರ್ನಿಯಾಕ್ಕೆ 2012ರಿಂದ 2016ರವರೆಗೆ ಭೀಕರ ಬರ ಬಂತು. ಪೈನ್ ಮರಕ್ಕೆ ತೊಗಟೆ ದುಂಬಿ ಕೊರೆಯೋಕೆ ಬಂದಾಗ ಮರ ಅಂಟು ರಾಳ ಒಸರಿಸಿ ದುಂಬಿನ ಹೊರಗೆ ತಳ್ಳುತ್ತೆ, ಅದೇ ಅದರ ರಕ್ಷಣೆ, ರಾಳ ಮಾಡೋಕೆ ನೀರು ಬೇಕು, ನೀರಿಲ್ಲದ ಮರ ರಾಳ ಒಸರಿಸಲಾರದು, ಒಂದು ದುಂಬಿ ಒಳಗೆ ಹೋಯ್ತು ಅಂದ್ರೆ ಅದು ವಾಸನೆ ಬಿಟ್ಟು ಸಾವಿರಾರು ದುಂಬಿ ಕರೆಯುತ್ತೆ, ಅಲ್ಲಿಗೆ ಮುಗೀತು. ಜೊತೆಗೆ ಮರಗಳು ಒತ್ತೊತ್ತಾಗಿ ಬೆಳೆದು ಇದ್ದ ಸ್ವಲ್ಪ ನೀರಿಗೇ ಕಿತ್ತಾಡ್ತಿದ್ವು. 2010ರಿಂದ 2017ರ ಕೊನೆಯೊಳಗೆ ಸತ್ತ ಮರ ಸುಮಾರು 12 ಕೋಟಿ 90 ಲಕ್ಷ ಅಂತ ಫಾರೆಸ್ಟ್ ಸರ್ವಿಸ್ ವಿಮಾನದಲ್ಲಿ ಹಾರಾಡಿ ಸರ್ವೇ ಮಾಡಿ ಹೇಳ್ತು. ಇದರಲ್ಲಿ ರಸ್ತೆ ಪಕ್ಕದ್ದು, ತಂತಿ ಪಕ್ಕದ್ದು, ಮನೆ ಪಕ್ಕದ್ದು ತೆಗೆಯೋದೇ ವರ್ಷಗಟ್ಟಲೆ ಕೆಲಸ, ಉಳಿದದ್ದು ನಿಂತಲ್ಲೇ ನಿಂತಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಸಿಯೆರಾ ನ್ಯಾಷನಲ್ ಫಾರೆಸ್ಟ್‌ನಲ್ಲಿ ಇದೇ ಸತ್ತ ಮರಗಳ ನಡುವೆ ಕ್ರೀಕ್ ಫೈರ್ ಹತ್ತಿ 3 ಲಕ್ಷ 80 ಸಾವಿರ ಎಕರೆ ಸುಡ್ತು, ಮ್ಯಾಮತ್ ಪೂಲ್ ಜಲಾಶಯದ ಹತ್ರ ರಜೆಗೆ ಬಂದಿದ್ದ ಇನ್ನೂರಕ್ಕೂ ಹೆಚ್ಚು ಜನರಿಗೆ ವಾಪಸ್ ಬರೋ ರಸ್ತೆ ಮುಚ್ಚಿಹೋಗಿ ಮಿಲಿಟರಿ ಹೆಲಿಕಾಪ್ಟರ್ ಹೋಗಿ ಎತ್ಕೊಂಡು ಬರಬೇಕಾಯ್ತು.

ಇಲ್ಲಿಂದ ಉರುವಲಿನ ಮಾತಿಗೆ ಬರೋಣ. ಕಾಡ್ಗಿಚ್ಚು ಅಂದಾಗ ಎಲ್ಲರ ಕಣ್ಣೂ ದೊಡ್ಡ ಮರದ ಮೇಲೇ ಹೋಗುತ್ತೆ, ಆದ್ರೆ ಬೆಂಕಿನ ಓಡಿಸೋದು ದೊಡ್ಡ ಮರ ಅಲ್ಲ. ಸೌದೆ ಒಲೆ ಹಚ್ಚಿದವರಿಗೆ ಗೊತ್ತಿರುತ್ತೆ, ಕೊರಡಿಗೆ ಕಡ್ಡಿ ಗೀರಿದ್ರೆ ಏನೂ ಆಗಲ್ಲ, ಮೊದಲು ಪುಳ್ಳೆ ಬೇಕು. ಕಾಡಲ್ಲೂ ಅಷ್ಟೇ. ಬೆಂಕಿ ಶಾಸ್ತ್ರದವರು ನೆಲದ ಮೇಲಿನ ಒಣ ಉರುವಲನ್ನ ದಪ್ಪದ ಲೆಕ್ಕದಲ್ಲಿ ವಿಂಗಡಿಸಿ ಒಂದು ಗಂಟೆಯದು, ಹತ್ತು ಗಂಟೆಯದು, ನೂರು ಗಂಟೆಯದು, ಸಾವಿರ ಗಂಟೆಯದು ಅಂತಾರೆ. ಕಾಲು ಇಂಚಿಗಿಂತ ಸಣ್ಣದಾದ ಹುಲ್ಲು, ಸೂಜಿ ಎಲೆ, ಕಡ್ಡಿ ಇವು ಗಾಳಿಯ ತೇವಕ್ಕೆ ಸುಮಾರು ಒಂದು ಗಂಟೆಯಲ್ಲೇ ಹೊಂದಿಕೊಳ್ತವೆ, ಬೆಳಿಗ್ಗೆ ಇಬ್ಬನಿಗೆ ಒದ್ದೆಯಾಗಿದ್ದದ್ದು ಮಧ್ಯಾಹ್ನದ ಬಿಸಿಲಿಗೆ ಗರಿಗರಿ. ಮೂರು ಇಂಚಿಗಿಂತ ದಪ್ಪದ ದಿಮ್ಮಿಗೆ ವಾರಗಳು, ತಿಂಗಳುಗಳು ಬೇಕು, ಅದು ಹತ್ತಿದ್ರೆ ಮಾತ್ರ ದಿನಗಟ್ಟಲೆ ಕನಲುತ್ತಾ ನೆಲಾನ ಬೇಯಿಸುತ್ತೆ. ಬೆಂಕಿಯ ವೇಗ ಸಣ್ಣ ಉರುವಲಿನ ಕೈಲಿ, ಅದರ ಒಟ್ಟು ಕಾವು ದೊಡ್ಡದರ ಕೈಲಿ.

ನೆಲದ ಬೆಂಕಿ ಮರದ ತಲೆಗೆ ಹೋಗೋಕೆ ಏಣಿ ಬೇಕು. ಒಣ ಹುಲ್ಲಿಂದ ಪೊದೆಗೆ, ಪೊದೆಯಿಂದ ಎಳೇ ಫರ್ ಮರಕ್ಕೆ, ಅಲ್ಲಿಂದ ದೊಡ್ಡ ಮರದ ಕೆಳಗಿನ ರೆಂಬೆಗೆ, ಕೊನೆಗೆ ತಲೆಗೆ. ತಲೆಗೆ ಹತ್ತಿದ ಬೆಂಕಿ ಮರದಿಂದ ಮರಕ್ಕೆ ಗಾಳಿ ಜೊತೆ ಓಡೋಕೆ ಶುರು ಮಾಡಿದ್ರೆ ಅದರ ಮುಂದೆ ಯಾರೂ ನಿಲ್ಲೋಕಾಗಲ್ಲ, ನೆಲದ ಮೇಲೆ ಮೊಣಕಾಲೆತ್ತರ ಉರಿಯೋ ಬೆಂಕಿಗಾದ್ರೆ ಹಾರೆ ಗುದ್ದಲಿ ಹಿಡಿದ ತಂಡನೇ ಸಾಕು. ಉರುವಲು ಕಮ್ಮಿ ಮಾಡೋ ಕೆಲಸದ ಗುರಿ ಬೆಂಕಿನೇ ಬರದ ಹಾಗೆ ಮಾಡೋದಲ್ಲ. ಬರೋ ಬೆಂಕಿ ನೆಲದ ಮೇಲೇ ಇರಲಿ, ತಲೆಗೆ ಏರದಿರಲಿ ಅನ್ನೋದು.

ಇಷ್ಟೊಂದು ಏಣಿ ಬೆಳೆದದ್ದು ಹೇಗೆ? ಪಶ್ಚಿಮ ಅಮೆರಿಕದ ಪಾಂಡೆರೋಸಾ ಪೈನ್ ಕಾಡುಗಳಲ್ಲಿ ಹಿಂದೆ ಐದರಿಂದ ಇಪ್ಪತ್ತೈದು ವರ್ಷಕ್ಕೊಮ್ಮೆ ಸಣ್ಣ ಬೆಂಕಿ ಹಾದುಹೋಗ್ತಿತ್ತು, ಮರಗಳ ಉಂಗುರದಲ್ಲಿ ಸುಟ್ಟ ಗಾಯಗಳಿಂದ ಇದು ಗೊತ್ತಾಗುತ್ತೆ. ಕೆಲವು ಸಿಡಿಲಿನದು, ಕೆಲವು ಅಲ್ಲಿನ ಮೂಲನಿವಾಸಿಗಳೇ ಹಚ್ಚುತ್ತಿದ್ದದ್ದು. ಕಾರುಕ್, ಯುರೋಕ್ ಜನ ಬುಟ್ಟಿ ಹೆಣೆಯೋಕೆ ಹೇಜಲ್ ಗಿಡದ ನೆಟ್ಟಗಿನ ಚಿಗುರು ಬರಲಿ ಅಂತ ಬೆಂಕಿ ಹಾಕ್ತಿದ್ರು. ಕ್ಯಾಲಿಫೋರ್ನಿಯಾ ರಾಜ್ಯ ಆದ 1850ರಲ್ಲೇ ಮೂಲನಿವಾಸಿಗಳ ಮೇಲೆ ತಂದ ಕಾನೂನಲ್ಲಿ ಹುಲ್ಲುಗಾವಲಿಗೆ ಬೆಂಕಿ ಇಟ್ರೆ ಶಿಕ್ಷೆ ಅಂತ ಸೇರಿಸಿದ್ರು. ಆಮೇಲೆ 1905ರಲ್ಲಿ ಫಾರೆಸ್ಟ್ ಸರ್ವಿಸ್ ಹುಟ್ಟಿತು, ಐದೇ ವರ್ಷಕ್ಕೆ, 1910ರ ಆಗಸ್ಟ್‌ನಲ್ಲಿ ಐಡಾಹೊ, ಮೊಂಟಾನಾ ಕಡೆ ಎರಡು ದಿನದ ಬಿರುಗಾಳಿಗೆ ಸುಮಾರು 30 ಲಕ್ಷ ಎಕರೆ ಸುಟ್ಟು ಎಂಬತ್ತಕ್ಕೂ ಹೆಚ್ಚು ಜನ ಸತ್ರು, ಬಹುತೇಕ ಬೆಂಕಿ ಆರಿಸೋಕೆ ಹೋದವರೇ. ಆ ಪೆಟ್ಟಿನ ನೆನಪು ಇಲಾಖೆಗೆ ದಶಕಗಟ್ಟಲೆ ಉಳೀತು. 1935ರಲ್ಲಿ ಬಂದ ನಿಯಮ ಏನಪ್ಪಾ ಅಂದ್ರೆ, ಯಾವ ಬೆಂಕಿ ಕಂಡ್ರೂ ಮಾರನೇ ದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಹತೋಟಿಗೆ ತರಬೇಕು. ಎಂಥಾ ಬೆಂಕಿ, ಎಲ್ಲಿ, ಒಳ್ಳೇದಾ ಕೆಟ್ಟದ್ದಾ ಅಂತ ಕೇಳೋ ಹಾಗಿಲ್ಲ. 1970ರ ದಶಕದವರೆಗೂ ಇದು ನಡೀತು, ಸಣ್ಣ ಬೆಂಕಿಗಳೆಲ್ಲ ಆರಿದ್ವು, ಅವು ತಿನ್ನಬೇಕಿದ್ದ ಉರುವಲು ಅಲ್ಲೇ ಕೂತ್ಕೊಳ್ತು. ಇನ್ನೊಂದು ಕಡೆ ನಾಟಾ ಕಂಪನಿಗಳು ದಪ್ಪ ತೊಗಟೆಯ, ಬೆಂಕಿ ತಡ್ಕೊಳ್ಳೋ ಹಳೇ ದೊಡ್ಡ ಮರಗಳನ್ನೇ ಆರಿಸಿ ಕಡಿದವು. ಉಳಿದದ್ದು ಒತ್ತೊತ್ತಾದ ಸಣ್ಣ ಮರ. ಇದರ ಮೇಲೆ ಬಿಸಿಯಾಗ್ತಿರೋ ಹವಾಮಾನ.

ಈಗ ಸರಿಮಾಡೋದು ಹೇಗೆ ಅಂದ್ರೆ ಮೊದಲ ಹಂತ ಕೆಳಗಿನಿಂದ ತೆಳುಗೊಳಿಸೋದು, ಅಂದ್ರೆ ಸಣ್ಣ ಮರ, ಪೊದೆ ತೆಗೆದು ದೊಡ್ಡದನ್ನ ಬಿಡೋದು, ಉಳಿದ ಮರಗಳ ಕೆಳಗಿನ ರೆಂಬೆ ಸವರೋದು. ಸಮತಟ್ಟು ಜಾಗಕ್ಕೆ ಯಂತ್ರ ಹೋಗುತ್ತೆ, ಕಡಿದಾದ ಜಾಗದಲ್ಲಿ ಜನರೇ ಚೈನ್‌ಸಾ ಹಿಡಿದು ಮಾಡಬೇಕು, ಎಕರೆಗೆ ಸಾವಿರಾರು ಡಾಲರ್ ಆಗಬಹುದು. ಕೆಲವು ಕಡೆ ನಿಂತ ಗಿಡಾನ ಅಲ್ಲೇ ಪುಡಿ ಮಾಡಿ ಉದುರಿಸೋ ಯಂತ್ರ ಓಡಿಸ್ತಾರೆ. ಮೊದಲು ಹೇಳಿದ ಎಡವಟ್ಟಿನ ಜಾಗ ಇದೇ. ಕಡಿದ ರೆಂಬೆ, ತುದಿ, ಸಣ್ಣ ಕೋಲು ಇವೆಲ್ಲ ನೆಲದ ಮೇಲೆ ಬಿದ್ದಿರುತ್ತೆ. ಮೇಲಿದ್ದ ಹಸಿ ಉರುವಲು ಈಗ ಕೆಳಗೆ ಒಣ ಉರುವಲಾಗಿದೆ ಅಷ್ಟೇ! ಅದನ್ನ ತೆಗೀದೇ ಬಿಟ್ರೆ, ಮೇಲೆ ನೆರಳು ಕಮ್ಮಿಯಾಗಿ ಬಿಸಿಲು ಗಾಳಿ ನೆಲಕ್ಕೆ ಹೆಚ್ಚಾಗಿ ಹೊಡೆದು, ಬೆಂಕಿ ಬಂದಾಗ ಕಡಿಯೋಕೆ ಮುಂಚೆ ಇದ್ದದ್ದಕ್ಕಿಂತ ಜೋರಾಗಿ ಉರಿಯಬಹುದು. ಅಪಾಯದ ಮರದ ವಿಷಯದಲ್ಲೂ ಇದೇ ಕಥೆ, ರಸ್ತೆ ಪಕ್ಕ ನೂರಾರು ಒಣಮರ ಉರುಳಿಸಿ ಅಡ್ಡಾದಿಡ್ಡಿ ಬಿಟ್ಟು ಹೋದ್ರೆ ರಸ್ತೆಯಲ್ಲಿ ಹೋಗೋರ ತಲೆ ಉಳೀತು, ಆದ್ರೆ ಬೆಂಕಿ ಬಂದಾಗ ಜನ ಓಡಿಹೋಗಬೇಕಾದ ಅದೇ ರಸ್ತೆಯ ಎರಡೂ ಬದಿಗೆ ಸೌದೆ ಒಟ್ಟಿಟ್ಟ ಹಾಗಾಯ್ತು.

ಹಾಗಾಗಿ ಎರಡನೇ ಹಂತ ಬೇಕೇ ಬೇಕು, ಸುಡೋದು. ಹವೆ, ತೇವ, ಗಾಳಿ ಎಲ್ಲ ನೋಡಿ, ಸುತ್ತ ಗೆರೆ ತೋಡಿ, ಬೇಕಂತಲೇ ಸಣ್ಣ ಬೆಂಕಿ ಹಾಕೋದು. ತೆಳುಗೊಳಿಸಿ ಸುಟ್ಟ ಕಡೆ ಫಲಿತಾಂಶ ಚೆನ್ನಾಗಿ ಬಂದಿದೆ. 2021ರಲ್ಲಿ ಒರೆಗಾನ್‌ನ ಬೂಟ್‌ಲೆಗ್ ಫೈರ್ 4 ಲಕ್ಷ ಎಕರೆಗೂ ಮೀರಿ ಸುಡ್ತು, ಅದು ಸೈಕನ್ ಮಾರ್ಶ್ ಅನ್ನೋ ಜಾಗದಲ್ಲಿ ಮೊದಲೇ ತೆಳುಗೊಳಿಸಿ ಸುಟ್ಟಿದ್ದ ಕಾಡಿಗೆ ಬಂದಾಗ ಮರದ ತಲೆಯಿಂದ ನೆಲಕ್ಕಿಳೀತು ಅಂತ ಅಲ್ಲಿ ಕೆಲಸ ಮಾಡಿದವರು ಹೇಳಿದ್ರು. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಪಾರ್ಕ್‌ನ ಮಾರಿಪೋಸಾ ಗ್ರೋವ್‌ನಲ್ಲಿ 1970ರ ದಶಕದ ಶುರುವಿಂದ ಆಗಾಗ ಇಂಥ ಬೆಂಕಿ ಹಾಕ್ಕೊಂಡು ಬಂದಿದ್ರು, 2022ರ ಜುಲೈನಲ್ಲಿ ವಾಶ್‌ಬರ್ನ್ ಫೈರ್ ಆ ತೋಪಿಗೆ ನುಗ್ಗಿದಾಗ ಹೆಸರಾಂತ ಸಿಕ್ವೋಯಾ ಮರಗಳು ಉಳ್ಕೊಂಡವು. ಅದಕ್ಕೆರಡು ವರ್ಷ ಮುಂಚೆ ಸಿಯೆರಾ ಪರ್ವತಸಾಲಿನ ದಕ್ಷಿಣ ಭಾಗದಲ್ಲಿ ಬಂದ ಕ್ಯಾಸಲ್ ಫೈರ್‌ಗೆ ಇದೇ ಜಾತಿಯ ದೊಡ್ಡ ಮರಗಳಲ್ಲಿ ಅಂದಾಜು ಶೇಕಡ 10ರಿಂದ 14 ಸತ್ತಿದ್ವು, ಅವು ಸುಟ್ಟ ಎಷ್ಟೋ ತೋಪುಗಳಲ್ಲಿ ದಶಕಗಳಿಂದ ಸಣ್ಣ ಬೆಂಕಿ ಮುಖ ನೋಡಿರಲಿಲ್ಲ. ಸಾವಿರಾರು ವರ್ಷದಿಂದ ಬೆಂಕಿ ಜೊತೆಗೇ ಬದುಕಿ ಬಂದ ಜಾತಿ ಅದು.

ಬೆಂಕಿ ಹಾಕೋದಕ್ಕೆ ಹೆದರಿಕೆ ಇರೋದೂ ಸುಮ್ಮನೆ ಅಲ್ಲ. 2022ರ ಏಪ್ರಿಲ್ 6ಕ್ಕೆ ನ್ಯೂ ಮೆಕ್ಸಿಕೊದ ಹರ್ಮಿಟ್ಸ್ ಪೀಕ್ ಹತ್ರ ಫಾರೆಸ್ಟ್ ಸರ್ವಿಸ್‌ನವರೇ ಹಾಕಿದ ಬೆಂಕಿ ಗಾಳಿಗೆ ಗೆರೆ ದಾಟ್ತು. ಅದೇ ತಿಂಗಳು ಪಕ್ಕದ ಕಾಫ್ ಕ್ಯಾನಿಯನ್‌ನಲ್ಲಿ ಇನ್ನೊಂದು ಬೆಂಕಿ ಎದ್ದಿತು, ಅದರ ಮೂಲ ಹುಡುಕಿದ್ರೆ ಜನವರಿಯಲ್ಲಿ ಸುಟ್ಟಿದ್ದ ರೆಂಬೆ ರಾಶಿ! ತೆಳುಗೊಳಿಸಿದ ಮೇಲೆ ಒಟ್ಟಿದ್ದ ರಾಶಿ, ಚಳಿಗಾಲ ನೋಡಿ ಸುರಕ್ಷಿತ ಅಂತ ಸುಟ್ಟಿದ್ದು, ಮೇಲೆ ಮೂರು ಸಲ ಹಿಮ ಬಿದ್ದಿದೆ, ಆದ್ರೂ ಅಡಿಯಲ್ಲಿ ಕೆಂಡ ಮೂರು ತಿಂಗಳು ಕನಲುತ್ತಾ ಇದ್ದು ವಸಂತದ ಒಣ ಗಾಳಿಗೆ ಎದ್ದುಕೂತಿದೆ. ಎರಡೂ ಸೇರಿ 3 ಲಕ್ಷ 41 ಸಾವಿರ ಎಕರೆ, ಆ ರಾಜ್ಯದ ಇತಿಹಾಸದಲ್ಲೇ ದೊಡ್ಡದು, ನೂರಾರು ಮನೆ ಹೋದವು. ಆಗಿನ ಇಲಾಖೆ ಮುಖ್ಯಸ್ಥ ರಾಂಡಿ ಮೂರ್ ದೇಶದಾದ್ಯಂತ ಇಂಥ ಬೆಂಕಿ ಹಾಕೋದನ್ನ 90 ದಿನ ನಿಲ್ಲಿಸಿ ಪರಿಶೀಲನೆ ಮಾಡಿಸಿದ್ರು. ಅಪರೂಪಕ್ಕೆ ಆಗೋದು ನಿಜ, ಬಹುಪಾಲು ಬೆಂಕಿಗಳು ಯಾರಿಗೂ ಸುದ್ದಿನೇ ಆಗದ ಹಾಗೆ ಮುಗಿಯುತ್ತವೆ, ಆದ್ರೆ ಮನೆ ಕಳ್ಕೊಂಡವನ ಮುಂದೆ ಶೇಕಡವಾರು ಲೆಕ್ಕ ಹೇಳೋಕಾಗುತ್ತಾ?

ಇನ್ನು ಜಗಳದ ವಿಷಯ. ದುಡ್ಡು ಸಿಗೋದು ದೊಡ್ಡ ಮರದಿಂದ, ಅಪಾಯ ಇರೋದು ಸಣ್ಣ ಉರುವಲಲ್ಲಿ. ಇಡೀ ಜಗಳದ ಬೇರು ಇಷ್ಟೇ ಅಂತ ನನಗನಿಸುತ್ತೆ. ಎರಡಿಂಚು ದಪ್ಪದ ಕೋಲನ್ನ ಯಾವ ಸಾಮಿಲ್ಲೂ ತಗೊಳ್ಳಲ್ಲ, ಸಾಗಿಸೋ ಡೀಸೆಲ್ ಖರ್ಚೂ ಹುಟ್ಟಲ್ಲ. ಹಾಗಾಗಿ ಕಾಂಟ್ರಾಕ್ಟರ್‌ಗೆ ಕೆಲಸ ಗಿಟ್ಟಬೇಕು ಅಂದ್ರೆ ನಾಲ್ಕು ದೊಡ್ಡ ಮರಾನೂ ಸೇರಿಸಬೇಕಾಗುತ್ತೆ, ನಾಲ್ಕು ನಲವತ್ತಾಗೋಕೆ ಎಷ್ಟು ಹೊತ್ತು. ಉರುವಲು ಕಮ್ಮಿ ಮಾಡೋ ಹೆಸರಲ್ಲಿ ನಾಟಾ ವ್ಯಾಪಾರ ಮಾಡ್ತಿದ್ದಾರೆ ಅಂತ ಪರಿಸರ ಸಂಘಟನೆಗಳು ಹೇಳೋದು ಇದಕ್ಕೇ. ಎಲ್ಲ ಕಡೆ ಅದು ನಿಜ ಅಲ್ಲ, ಕೆಲವು ಕಡೆ ನಿಜ.

ಕೋರ್ಟ್‌ವರೆಗೆ ಹೋದ ಒಂದು ಕೇಸ್ ನೋಡಿದ್ರೆ ಇದು ಅರ್ಥ ಆಗುತ್ತೆ. 2018ರಲ್ಲಿ ಮೆಂಡಸೀನೊ ನ್ಯಾಷನಲ್ ಫಾರೆಸ್ಟ್‌ನಲ್ಲಿ ರ‍್ಯಾಂಚ್ ಫೈರ್ ಬಂದು 4 ಲಕ್ಷ ಎಕರೆಗೂ ಹೆಚ್ಚು ಸುಟ್ಟ ಮೇಲೆ, ರಸ್ತೆ ಬದಿಯ ಅಪಾಯದ ಮರ ತೆಗೀತೀವಿ ಅಂತ ಇಲಾಖೆ ಹೊರಟಿತು. ಸರ್ಕಾರಿ ಕಾಡಲ್ಲಿ ದೊಡ್ಡ ಕೆಲಸಕ್ಕೆ ನೀಪಾ ಕಾನೂನಿನ ಪ್ರಕಾರ ಪರಿಸರದ ಮೇಲೆ ಏನು ಪರಿಣಾಮ ಅಂತ ಅಧ್ಯಯನ ಮಾಡಿ, ಜನರ ಅಭಿಪ್ರಾಯ ಕೇಳಬೇಕಿತ್ತು, ಅದಕ್ಕೆ ತಿಂಗಳುಗಳೇನು ವರ್ಷಗಳೇ ಹಿಡೀಬಹುದಿತ್ತು. ಆದ್ರೆ ರಸ್ತೆ ರಿಪೇರಿಯಂಥ ಸಣ್ಣಪುಟ್ಟ ಕೆಲಸಕ್ಕೆ ವಿನಾಯಿತಿ ಇತ್ತು. ಇಲಾಖೆ ಈ ವಿನಾಯಿತಿ ತೋರಿಸಿ, ರಸ್ತೆಯ ಎರಡೂ ಬದಿಗೆ 200 ಅಡಿವರೆಗೆ ಸುಟ್ಟ ದೊಡ್ಡ ಮರಗಳನ್ನ ಕಡಿದು ಮಾರೋಕೆ ಅನುಮತಿ ಕೊಡ್ತು. ಎಪಿಕ್ ಅನ್ನೋ ಪರಿಸರ ಸಂಘಟನೆ ಕೋರ್ಟಿಗೆ ಹೋಯ್ತು. 2020ರ ಆಗಸ್ಟ್‌ನಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟ್ ಹೇಳಿದ್ದು ಇಷ್ಟು, ರಸ್ತೆಗೆ ಬೀಳೋ ಹಾಗೆ ವಾಲಿರೋ ಕೊಳೆತ ಮರ ತೆಗೆಯೋದು ರಿಪೇರಿ, ಸರಿ, ಆದ್ರೆ 200 ಅಡಿ ದೂರದ ಮರಾನ ಮಾರಾಟಕ್ಕೆ ಕಡಿಯೋದನ್ನ ಯಾವ ಅರ್ಥದಲ್ಲೂ ರಸ್ತೆ ರಿಪೇರಿ ಅನ್ನೋಕಾಗಲ್ಲ. ಮರದ ಎತ್ತರದ ಒಂದೂವರೆ ಪಟ್ಟು ಅಂತ ಮೇಲೆ ಹೇಳಿದ್ನಲ್ಲ, ಆ ಲೆಕ್ಕ ಒಂದೊಂದು ಮರ ನೋಡಿ ಹಾಕಬೇಕಾದ್ದು, ಇಡೀ ಕಾಡಿಗೆ ಒಂದೇ ಗೆರೆ ಎಳೆಯೋಕಲ್ಲ. ನನ್ನ ಪ್ರಕಾರ ತೀರ್ಪು ಸರಿಯಾಗೇ ಇದೆ. ಹಾಗಂತ ಇಲಾಖೆಯವರ ಕಷ್ಟ ಸುಳ್ಳೂ ಅಲ್ಲ, ಅರ್ಧ ಸುಟ್ಟ ಮರ ಎರಡು ಮೂರು ವರ್ಷ ಬಿಟ್ಟು ಬೀಳೋಕೆ ಶುರು ಮಾಡುತ್ತೆ, ಅಷ್ಟರಲ್ಲಿ ದಿಮ್ಮಿಗೆ ಬೆಲೆನೂ ಇರಲ್ಲ, ಆಗ ತೆಗೆಯೋಕೆ ಕೈಯಿಂದ ದುಡ್ಡು ಹಾಕಬೇಕು.

ಎಲ್ಲ ಕಾಡಿಗೂ ಇದೇ ಮದ್ದು ಅಂತಲೂ ಅಲ್ಲ. ಲಾಡ್ಜ್‌ಪೋಲ್ ಪೈನ್ ಕಾಡುಗಳು ನೂರಾರು ವರ್ಷಕ್ಕೊಮ್ಮೆ ತಲೆಯಿಂದ ಬುಡದವರೆಗೆ ಸುಟ್ಟು ಮತ್ತೆ ಹುಟ್ಟೋ ಜಾತಿ, ಅವುಗಳ ಎಷ್ಟೋ ಕಾಯಿ ರಾಳದಲ್ಲಿ ಮುಚ್ಚಿರುತ್ತೆ, ಬೆಂಕಿಯ ಬಿಸಿಗೇ ಬಾಯಿ ಬಿಟ್ಟು ಬೀಜ ಚೆಲ್ಲೋದು. 1988ರಲ್ಲಿ ಯೆಲ್ಲೊಸ್ಟೋನ್ ಪಾರ್ಕ್‌ನ ಮೂರನೇ ಒಂದು ಭಾಗಕ್ಕೂ ಹೆಚ್ಚು ಜಾಗಕ್ಕೆ ಬೆಂಕಿ ಬಿದ್ದಾಗ ಎಲ್ಲ ಮುಗೀತು ಅಂತ ಟಿವಿಯವರು ಗೋಳಾಡಿದ್ರು, ಮುಂದಿನ ವರ್ಷಗಳಲ್ಲಿ ಸಸಿ ಹಾಸಿಕೊಂಡು ಎದ್ದವು. ದಕ್ಷಿಣ ಕ್ಯಾಲಿಫೋರ್ನಿಯಾದ ಚಾಪರಲ್ ಪೊದೆಗಾಡಲ್ಲಿ ಸವರೋಕೆ ಹೋದ್ರೆ ಇನ್ನೂ ಕೆಡುಕು, ಪೊದೆ ಹೋದ ಜಾಗಕ್ಕೆ ಹೊರಗಿಂದ ಬಂದ ಹುಲ್ಲು ತುಂಬ್ಕೊಳ್ಳುತ್ತೆ, ಅದು ಪೊದೆಗಿಂತ ಬೇಗ ಒಣಗಿ ಬೇಗ ಹತ್ತುತ್ತೆ.

ಮನೆ ಉಳಿಸೋ ಪ್ರಶ್ನೆ ಅಂತೂ ಕಾಡಿನಿಂದ ಬೇರೆನೇ ಅನ್ನಬಹುದು. ಫಾರೆಸ್ಟ್ ಸರ್ವಿಸ್‌ನಲ್ಲೇ ಸಂಶೋಧಕರಾಗಿದ್ದ ಜ್ಯಾಕ್ ಕೋಹೆನ್ ವರ್ಷಗಟ್ಟಲೆ ಹೇಳ್ಕೊಂಡು ಬಂದದ್ದು ಒಂದೇ ಮಾತು, ಮನೆ ಹತ್ತೋದು ಬಿಡೋದು ಮನೆ ಮತ್ತೆ ಅದರ ಸುತ್ತಲಿನ ನೂರಡಿ ಮೇಲೆ ನಿಂತಿದೆ. 2018ರ ನವೆಂಬರ್ 8ಕ್ಕೆ ಕ್ಯಾಂಪ್ ಫೈರ್ ಪ್ಯಾರಡೈಸ್ ಊರನ್ನ ಸುಟ್ಟು 85 ಜನ ಸತ್ರಲ್ಲ, ಆಮೇಲಿನ ಫೋಟೋಗಳಲ್ಲಿ ಮನೆ ಬೂದಿ, ಪಕ್ಕದ ಪೈನ್ ಮರ ಹಸಿರಾಗೇ ನಿಂತಿದೆ. ಗಾಳೀಲಿ ಹಾರಿ ಬಂದ ಕಿಡಿ ಮಾಳಿಗೆಯ ಗಾಳಿಕಿಂಡಿಗೋ, ಸೂರಿನ ಅಂಚಿನ ನೀರಿನ ದೋಣಿಯಲ್ಲಿ ತುಂಬಿದ್ದ ತರಗೆಲೆಗೋ ಬಿದ್ದು ಮನೆಯಿಂದ ಮನೆಗೆ ಹತ್ಕೊಂಡು ಹೋಗಿತ್ತು. ಹತ್ತು ಮೈಲಿ ಆಚೆ ಕಾಡು ತೆಳುಗೊಳಿಸಿದ್ರೆ ಆ ತರಗೆಲೆ ಹೋಗಲ್ಲ.

2022ರ ಜನವರಿಯಲ್ಲಿ ಫಾರೆಸ್ಟ್ ಸರ್ವಿಸ್ ಉರುವಲು ಕಮ್ಮಿ ಮಾಡೋ ಹತ್ತು ವರ್ಷದ ಯೋಜನೆ ಹೇಳ್ತು, ತನ್ನ ಕಾಡಲ್ಲಿ ಹೆಚ್ಚುವರಿ 2 ಕೋಟಿ ಎಕರೆ, ಬೇರೆಯವರ ಜಾಗದಲ್ಲಿ 3 ಕೋಟಿ ಎಕರೆ. ದೊಡ್ಡ ಸಂಖ್ಯೆ. ಆದ್ರೆ ಎಕರೆ ಲೆಕ್ಕದಲ್ಲಿ ಒಂದು ಮೋಸ ಇದೆ, ಒಂದೇ ಜಾಗದಲ್ಲಿ ಕಡಿದದ್ದು ಒಂದು ಸಲ, ರಾಶಿ ಸುಟ್ಟದ್ದು ಒಂದು ಸಲ, ನೆಲ ಸುಟ್ಟದ್ದು ಒಂದು ಸಲ ಎಣಿಸಿದ್ರೆ ನೂರು ಎಕರೆ ಮುನ್ನೂರಾಗುತ್ತೆ. ಜೊತೆಗೆ ಮಾಡಿದ ಕೆಲಸ ಸಾಮಾನ್ಯವಾಗಿ ಹತ್ತಿಪ್ಪತ್ತು ವರ್ಷಕ್ಕೆ ಹಳತಾಗುತ್ತೆ, ಸೂಜಿ ಎಲೆ ಉದುರುತ್ತೆ, ಎಳೇ ಫರ್ ಮತ್ತೆ ಏಳುತ್ತೆ. ಬೆಂಕಿ ಹಾಕೋಕೆ ಸರಿಯಾದ ದಿನಗಳು ವರ್ಷಕ್ಕೆ ಸ್ವಲ್ಪವೇ ಸಿಗೋದು, ಆ ದಿನಗಳಲ್ಲಿ ಹೊಗೆ ನಿಯಮ ಅಡ್ಡ ಬರಬಹುದು, ಇಲ್ಲಾ ತಂಡ ಬೇರೆ ರಾಜ್ಯದ ಬೆಂಕಿ ಆರಿಸೋಕೆ ಹೋಗಿರಬಹುದು, ಹಾಗಾಗಿ ರಾಶಿಗಳು ಎಷ್ಟೋ ಕಡೆ ವರ್ಷಗಟ್ಟಲೆ ಕೂತಿರುತ್ತವೆ.

ಇಂಥ ಪ್ರಾಜೆಕ್ಟ್‌ನ ಕಾಗದ ಸಾರ್ವಜನಿಕರಿಗೆ ಸಿಗುತ್ತೆ, ಓದೋರು ಮೂರು ಕಡೆ ಕಣ್ಣು ಹಾಯಿಸಿದ್ರೆ ಸಾಕು. ಕಡಿಯೋ ಮರದ ದಪ್ಪಕ್ಕೆ ಮೇಲಿನ ಮಿತಿ ಎಷ್ಟು ಇಂಚು ಅಂತ ಬರೆದಿದ್ಯಾ. ಬಿದ್ದ ರೆಂಬೆ ರಾಶಿನ ಯಾರು, ಯಾವ ವರ್ಷದೊಳಗೆ, ಯಾವ ದುಡ್ಡಲ್ಲಿ ತೆಗೀತಾರೆ ಅಂತ ಇದ್ಯಾ. ಎರಡನೇ ಸಲ ಸುಡೋದು ಯಾವಾಗ ಅಂತ ಇದ್ಯಾ. ಮೊದಲನೇದು ಸಾಮಾನ್ಯವಾಗಿ ಸಿಗುತ್ತೆ, ಯಾಕಂದ್ರೆ ಅದರ ಮೇಲೇ ಕೇಸ್ ಬೀಳೋದು. ಉಳಿದೆರಡಕ್ಕೆ ಬಹಳ ಸಲ ಉತ್ತರ ಇರೋದು, ದುಡ್ಡು ಬಂದ ಮೇಲೆ, ಹವೆ ಕೂಡಿ ಬಂದ ಮೇಲೆ ಅಂತ.